ಸೂರ್ಯಗಡಿಯಾರದ ಗುಡ್ಡ ಹತ್ತುವುದು, ಅದರ ವೈನ್ ಕೊಳ್ಳುವುದು ಹೇಗೆ

ಮೊದಲು ಹೆಸರು ಬಿಡಿಸಿಕೊಳ್ಳೋಣ. ವೇಲೆನರ್ ಝೊನ್ನೆನ್‌ಊರ್. ಝೊನ್ನೆ ಅಂದರೆ ಸೂರ್ಯ. ಊರ್ ಅಂದರೆ ಗಡಿಯಾರ, ನಮ್ಮ ಊರಲ್ಲ. ಊರು ಇರುವುದು ಮೊದಲ ಪದದಲ್ಲಿ, ಅದು ವೇಲೆನ್. ಜರ್ಮನಿಯ ಮೋಸೆಲ್ ನದಿಯ ಎಡದಂಡೆಯ ಸಣ್ಣ ಊರು. ಅದರ ಹೆಸರಾಂತ ದ್ರಾಕ್ಷಿ ತೋಟ ಮಾತ್ರ ನದಿಯ ಆಚೆ, ಬಲದಂಡೆಯ ಗುಡ್ಡದಲ್ಲಿದೆ. ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿಗೆ ಜಗತ್ತಿನ ಅತ್ಯುತ್ತಮ ಜಾಗಗಳ ಪಟ್ಟಿ ಯಾರೇ ಮಾಡಲಿ, ಈ ಗುಡ್ಡವನ್ನು ಬಿಡುವುದು ಕಷ್ಟ.

ನಾನು ಫ್ರಾಂಕ್‌ಫರ್ಟ್‌ನಲ್ಲಿ ಕೆಲಸ ಮಾಡುವವನು, ಹುಟ್ಟಿದ್ದು ಮೂಡಿಗೆರೆ ಹತ್ತಿರದ ಕಾಫಿ ತೋಟದಲ್ಲಿ. ಮೊದಲ ಸಲ ಇಲ್ಲಿಗೆ ಹೋಗಿದ್ದು ವೈನ್ ಮೇಲಿನ ಪ್ರೀತಿಯಿಂದಲ್ಲ, ಇಳಿಜಾರು ನೋಡುವ ಚಟದಿಂದ. ಆಮೇಲೆ ತಪ್ಪು ಮಾಡುತ್ತಾ ಕಲಿತದ್ದನ್ನೇ ಇಲ್ಲಿ ಬರೆದಿದ್ದೇನೆ.

ಹೋಗುವುದು ಹೀಗೆ. ಕೊಬ್ಲೆಂಜ್–ಟ್ರಿಯರ್ ರೈಲಿನಲ್ಲಿ ವಿಟ್ಲಿಖ್‌ನಲ್ಲಿ ಇಳಿಯಿರಿ. ಅಲ್ಲಿಂದ ಬಸ್ಸಿನಲ್ಲಿ ಬೆರ್ನ್‌ಕಾಸ್ಟೆಲ್-ಕ್ಯೂಸ್. ಎಲ್ಲರೂ ಬೆರ್ನ್‌ಕಾಸ್ಟೆಲ್ ದಡದ ಹಳೇ ಮರದ ಮನೆಗಳ ಕಡೆ ನುಗ್ಗುತ್ತಾರೆ. ನೀವು ಕ್ಯೂಸ್ ದಡದಲ್ಲೇ ಉಳಿದು, ನದಿ ಹರಿಯುವ ದಿಕ್ಕಿಗೆ ನಡೆಯಿರಿ. ಒಂದು ಗಂಟೆಯ ಸಮತಟ್ಟು ದಾರಿ. ವೇಲೆನ್ ಬಂದಾಗ ತಕ್ಷಣ ಸೇತುವೆ ದಾಟಬೇಡಿ. ದಡದಲ್ಲೇ ನಿಂತು ಆಚೆ ನೋಡಿ.

ಗುಡ್ಡದ ನಡುವೆ ಬಂಡೆಯ ಮೇಲೆ ಬಿಳಿ ಸೂರ್ಯಗಡಿಯಾರ ಕಾಣುತ್ತದೆ. 1842ರಲ್ಲಿ ಯೊಡೋಕುಸ್ ಪ್ರೂಮ್ ಎಂಬ ತೋಟದ ಮಾಲೀಕ ಕಟ್ಟಿಸಿದ್ದು. ತೋಟದಲ್ಲಿ ದುಡಿಯುವವರಿಗೂ ಈಚೆ ದಡದ ಊರಿನವರಿಗೂ ಹೊತ್ತು ಗೊತ್ತಾಗಲಿ ಅಂತ. ನಿಮ್ಮ ಕೈಗಡಿಯಾರಕ್ಕೆ ಹೋಲಿಸಿ ಗಾಬರಿಯಾಗಬೇಡಿ. ಅದು ತೋರಿಸುವುದು ಸೂರ್ಯನ ಹೊತ್ತು, ಬೇಸಿಗೆಯಲ್ಲಿ ನಮ್ಮ ಗಂಟೆಗಿಂತ ಸುಮಾರು ಒಂದೂವರೆ ತಾಸು ಹಿಂದೆ. ಗುಡ್ಡ ನೈಋತ್ಯಕ್ಕೆ ಮುಖ ಮಾಡಿದೆ. ಹಾಗಾಗಿ ಮಧ್ಯಾಹ್ನದ ಮೇಲೆ ಹೋದರೆ ಬಿಸಿಲು ನೇರ ಅದರ ಮೇಲೆ, ಫೋಟೋಗೂ ಅದೇ ಒಳ್ಳೆಯ ಹೊತ್ತು.

ಇನ್ನು ತೂಗು ಸೇತುವೆ ದಾಟಿ ಹತ್ತಿ. ಹಿಡಿತ ಇರುವ ಬೂಟು ಬೇಕೇ ಬೇಕು. ಕೆಲವು ಕಡೆ ಇಳಿಜಾರು 70 ಪರ್ಸೆಂಟ್. ಅಂದರೆ 10 ಮೀಟರ್ ಮುಂದೆ ಹೋದರೆ 7 ಮೀಟರ್ ಮೇಲೆ. ಕಾಲಡಿ ಮಣ್ಣೇ ಇಲ್ಲ ಅನ್ನಬಹುದು, ಬರೀ ಕಲ್ಲಿನ ಚೂರು. ನೀಲಿ-ಬೂದು ಬಣ್ಣದ ಚಪ್ಪಟೆ ಕಲ್ಲು, ಡೆವೋನಿಯನ್ ಕಾಲದ್ದು, ಹತ್ತಿರ ಹತ್ತಿರ 40 ಕೋಟಿ ವರ್ಷ ಹಳೆಯದು. ಇದಕ್ಕೆ ಬೇರೆ ಪರಿಚಯ ಬೇಡ. ನಾವು ಒಂದನೇ ಕ್ಲಾಸಿನಲ್ಲಿ ಬಳಪ ಹಿಡಿದು ಬರೆದ ಸ್ಲೇಟಿನ ಜಾತಿಯೇ.

ಅಪ್ಪ ಒಂದು ಸಲ ನನ್ನ ಜೊತೆ ಬಂದಿದ್ದರು. ಸೇತುವೆ ಮೇಲೆ ನಿಂತು ಗುಡ್ಡ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, "ಇಲ್ಲಿ ಔಷಧಿ ಹೊಡೆಯೋರು ಯಾರೋ?" ಕಾಫಿ ಪ್ಲಾಂಟರ್ ಅಲ್ವಾ! ಪ್ರಶ್ನೆ ಸರಿಯಾಗಿಯೇ ಇತ್ತು. ಮೋಸೆಲ್‌ನ ಕಡಿದಾದ ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಔಷಧಿ ಹೊಡೆಯುತ್ತಿದ್ದರು, ಈಗ ಡ್ರೋನ್ ಕೂಡ ಬಂದಿದೆ. ಆಳು ಮತ್ತು ಸಾಮಾನು ಮೇಲೆ ಹೋಗಲು ಕೆಲವು ಕಡೆ ಒಂದೇ ಹಳಿಯ ಪುಟ್ಟ ಗಾಡಿ ಇದೆ. ಉಳಿದದ್ದೆಲ್ಲ ಕೈಕೆಲಸ. ಹಳೇ ಪದ್ಧತಿಯಲ್ಲಿ ಪ್ರತಿ ಬಳ್ಳಿಗೂ ಒಂದೊಂದು ಗೂಟ. ಎರಡು ಕವಲನ್ನು ಬಾಗಿಸಿ ಹೃದಯದ ಆಕಾರಕ್ಕೆ ಕಟ್ಟುತ್ತಾರೆ. ತಂತಿ ಇಲ್ಲದ್ದರಿಂದ ಇಳಿಜಾರಿನಲ್ಲಿ ಅಡ್ಡಡ್ಡ ಓಡಾಡಬಹುದು.

ಅಪ್ಪ ಒಂದು ಚೂರು ಕಲ್ಲು ಎತ್ತಿಕೊಂಡರು. ಬೆರಳಿಗೆ ಎಂಜಲು ಹಚ್ಚಿ ಉಜ್ಜಿ ಮೂಸಿದರು. "ಸ್ಲೇಟ್ ಒರೆಸಿದ ವಾಸನೆಯೇ" ಅಂದರು. ಇಲ್ಲಿಯ ವೈನಿನಲ್ಲಿ ಒದ್ದೆ ಕಲ್ಲಿನ ಪರಿಮಳ ಇದೆ ಅಂತ ಬರೆಯುವವರೆಲ್ಲ ಅದನ್ನೇ ಹೇಳುವುದು. ಆದರೆ ಬೇರು ಕಲ್ಲಿನ ರುಚಿಯನ್ನು ಹೀರಿ ಹಣ್ಣಿಗೆ ತುಂಬುತ್ತದೆ ಅನ್ನುವುದನ್ನು ನಂಬಬೇಡಿ, ವಿಜ್ಞಾನ ಅದನ್ನು ಒಪ್ಪುವುದಿಲ್ಲ. ಕಲ್ಲು ಮಾಡುವ ಕೆಲಸ ಬೇರೆ. ಹಗಲು ಬಿಸಿಯನ್ನು ಹಿಡಿದಿಟ್ಟು ರಾತ್ರಿ ಬಿಡುತ್ತದೆ. ಮಳೆ ನೀರು ನಿಲ್ಲದ ಹಾಗೆ ಇಳಿಸುತ್ತದೆ. ಬೇರು ಬಿರುಕು ಹುಡುಕಿಕೊಂಡು ಆಳಕ್ಕೆ ಹೋಗುತ್ತದೆ. ಕೆಳಗಿನ ನದಿಯೂ ಬೆಳಕು ಎಸೆಯುತ್ತದೆ. ಸುಮಾರು 50 ಡಿಗ್ರಿ ಉತ್ತರ ಅಕ್ಷಾಂಶದ ಚಳಿ ಜಾಗದಲ್ಲಿ ತಡವಾಗಿ ಮಾಗುವ ರೀಸ್ಲಿಂಗ್ ಹಣ್ಣಾಗುವುದು ಈ ಉಪಾಯಗಳಿಂದಲೇ. ಇನ್ನೊಂದು ಲಾಭವೂ ಇದೆ. 19ನೇ ಶತಮಾನದಲ್ಲಿ ಯುರೋಪಿನ ತೋಟಗಳನ್ನು ಹಾಳು ಮಾಡಿದ ಫಿಲೊಕ್ಸೆರಾ ಹುಳಕ್ಕೆ ಈ ಸ್ಲೇಟು ನೆಲ ಸೇರುವುದಿಲ್ಲ. ಹಾಗಾಗಿ ಕಸಿ ಮಾಡದ, ಸ್ವಂತ ಬೇರಿನ ಹಳೇ ಬಳ್ಳಿಗಳು ಇಲ್ಲಿ ಇನ್ನೂ ಇವೆ.

ಈಗ ಬಾಟಲಿ ಕೊಳ್ಳುವ ವಿಷಯ. ಹೆಚ್ಚು ಜನ ಎಡವುವುದು ಇಲ್ಲೇ, ನಾನೂ ಎಡವಿದ್ದೇನೆ. ಮೊದಲ ವರ್ಷ ಒಂದು ಅಂಗಡಿಯಲ್ಲಿ "ವೇಲೆನರ್" ಅಂತ ನೋಡಿದ್ದೇ ಖುಷಿಯಾಗಿ ಮೂರು ಬಾಟಲಿ ತಂದೆ. ಮನೆಗೆ ಬಂದು ಓದಿದರೆ "ವೇಲೆನರ್ ಮ್ಯೂಂಟ್ಸ್‌ಲೈ". ಅದು ಒಂದು ತೋಟದ ಹೆಸರಲ್ಲ. ಸುತ್ತಲಿನ ಹಲವು ತೋಟಗಳನ್ನು ಸೇರಿಸಿದ ದೊಡ್ಡ ಗುಂಪಿನ ಹೆಸರು. ಇಂಥ ಗುಂಪುಗಳ ಗೊಂದಲಕ್ಕೆ ಮುಖ್ಯ ಕಾರಣ 1971ರ ವೈನ್ ಕಾನೂನು. ಲೇಬಲ್ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಆದ್ದರಿಂದ ಎರಡನೇ ಪದ ಓದದೆ ದುಡ್ಡು ಕೊಡಬೇಡಿ. ಮೊದಲನೇ ಪದವನ್ನೂ ಬಿಡಬೇಡಿ, ಏಕೆಂದರೆ ಪಕ್ಕದ ಝೆಲ್ಟಿಂಗನ್‌ನಲ್ಲೂ ಒಂದು ಝೊನ್ನೆನ್‌ಊರ್ ಇದೆ. ಅದೂ ಒಳ್ಳೆಯದೇ, ಆದರೆ ಅದು ಬೇರೆ.

ಅದೇ ಕಾನೂನು ಝೊನ್ನೆನ್‌ಊರ್‌ನ ಗಡಿಯನ್ನೂ ಹಿಗ್ಗಿಸಿತು. ಎಲ್ಲ ತುಂಡೂ ಗಡಿಯಾರದ ಸುತ್ತಲಿನ ಹಳೇ ತುಂಡಿನಷ್ಟು ಒಳ್ಳೆಯದಲ್ಲ. ಜೊತೆಗೆ ಪಾಲು ಬೇರೆ. ನೆಪೋಲಿಯನ್ ಕಾಲದಲ್ಲಿ ಚರ್ಚಿನ ಜಮೀನು ಹರಾಜಾಗಿ ಊರಿನವರ ಕೈಗೆ ಬಂತು. ಆಮೇಲೆ ಮಕ್ಕಳಿಗೆ ಸಮಪಾಲು ಆಗುತ್ತಾ ಹೋಯಿತು. ಪ್ರೂಮ್ ಮನೆತನದ ಆಸ್ತಿ 1911ರಲ್ಲಿ ಹಿಸ್ಸೆಯಾಯಿತು. ಹಾಗಾಗಿಯೇ ಯೊ. ಯೋಸ್. ಪ್ರೂಮ್, ಎಸ್.ಎ. ಪ್ರೂಮ್ ಅಂತ ಒಂದೇ ಹೆಸರಿನ ಬೇರೆ ಬೇರೆ ಮನೆಗಳು. ನಮ್ಮ ಕಡೆ ಸರ್ವೆ ನಂಬರ್ ಒಂದೇ ಇದ್ದು ಹಿಸ್ಸಾ ನಂಬರ್ ಬೇರೆ ಇದ್ದ ಹಾಗೆ. ಆದ್ದರಿಂದ ತೋಟದಷ್ಟೇ ಮಾಡಿದವರ ಹೆಸರೂ ಮುಖ್ಯ. ಯೊ. ಯೋಸ್. ಪ್ರೂಮ್, ಡಾಕ್ಟರ್ ಲೋಸನ್, ಮಾರ್ಕುಸ್ ಮೊಲಿಟರ್, ಕೆರ್ಪೆನ್, ಈ ನಾಲ್ಕರಲ್ಲಿ ಯಾವುದರಿಂದ ಶುರು ಮಾಡಿದರೂ ನಷ್ಟವಿಲ್ಲ.

ಸಿಹಿಯೋ ಅಲ್ವೋ ತಿಳಿಯಲು ಸುಲಭ ದಾರಿ, ಲೇಬಲ್‌ನಲ್ಲಿ ಆಲ್ಕೋಹಾಲ್ ಅಂಕಿ ನೋಡುವುದು. 7.5ರಿಂದ 9 ಇದ್ದರೆ ಸಿಹಿ ಉಳಿಸಿದ್ದಾರೆ. 11.5 ದಾಟಿದರೆ ಸಾಮಾನ್ಯವಾಗಿ ಸಿಹಿ ಇಲ್ಲದ್ದು. "ಟ್ರೋಕನ್" ಅಥವಾ "ಜಿಜಿ" ಅಂತಿದ್ದರೂ ಅದೇ. ಕಬಿನೆಟ್, ಸ್ಪೇಟ್ಲೇಸೆ, ಔಸ್ಲೇಸೆ ಅನ್ನುವುದು ಕೊಯ್ಯುವಾಗ ಹಣ್ಣು ಎಷ್ಟು ಮಾಗಿತ್ತು ಅನ್ನುವ ಮೆಟ್ಟಿಲುಗಳು. ಇನ್ನೂ ಮೇಲಿನವು ಬೂಷ್ಟು ಹಿಡಿದು ಒಣಗಿದ ಹಣ್ಣಿನವು, ಬೆಲೆ ಕೇಳಿದರೆ ಎದೆ ಝಲ್ ಅನ್ನುತ್ತದೆ. ನನ್ನ ಸಲಹೆ ಕಬಿನೆಟ್. ಹಗುರ, ಅಗ್ಗ, ಗುಡ್ಡ ಏನು ಅನ್ನುವುದು ಅದರಲ್ಲೇ ಚೆನ್ನಾಗಿ ಗೊತ್ತಾಗುತ್ತದೆ. ಸಿಹಿ ಅಂದರೆ ಮೂಗು ಮುರಿಯಬೇಡಿ. ಅದರ ಹುಳಿ ಎಷ್ಟು ಚುರುಕು ಅಂದರೆ ಸಿಹಿ ನಾಲಗೆ ಮೇಲೆ ನಿಲ್ಲುವುದೇ ಇಲ್ಲ. ನಿಂಬೆ ಪಾನಕದಲ್ಲಿ ಆಗುವುದೂ ಅದೇ.

ಒಂದೇ ತೋಟ, ಒಂದೇ ವರ್ಷ, ಒಂದೇ ಮೆಟ್ಟಿಲು ಇದ್ದರೂ ಎರಡು ಬಾಟಲಿ ಬೇರೆ ರುಚಿ ಇದ್ದರೆ ಲೇಬಲ್‌ನಲ್ಲಿ ಎ.ಪಿ. ನಂಬರ್ ಹುಡುಕಿ. ಸರ್ಕಾರಿ ಪರೀಕ್ಷೆಯ ನಂಬರ್ ಅದು. ಕೊನೆಯ ಎರಡು ಅಂಕಿ ಪರೀಕ್ಷೆಯಾದ ವರ್ಷ, ಅದರ ಹಿಂದಿನದು ಆ ತುಂಬುವಿಕೆಯ ಗುರುತು.

ಮಾಡುವವರ ಮನೆಗೆ ಹೋಗಿ ಕೊಳ್ಳುವುದಾದರೆ ಮೊದಲೇ ಮೇಲ್ ಹಾಕಿ. ಕೊಯ್ಲಿನ ಕಾಲವಾದ ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಹೋಗಲೇಬೇಡಿ, ಅವರಿಗೆ ಪುರುಸೊತ್ತಿರುವುದಿಲ್ಲ. ರುಚಿ ನೋಡಿ ಉಗುಳುವುದು ಅಸಭ್ಯವಲ್ಲ, ಬಕೆಟ್ ಅದಕ್ಕೇ ಇಟ್ಟಿರುತ್ತಾರೆ. ಆದರೆ ಆರು ಗ್ಲಾಸ್ ನೋಡಿ ಬರಿಗೈಲಿ ಹೊರಡುವುದು ಅಸಭ್ಯ. ತೋಟದಲ್ಲಿ ಹಣ್ಣು ಕೀಳಬೇಡಿ. ಒಂದೇ ಗೊಂಚಲು ಅಂತ ಕೈ ಹಾಕುವ ಅಭ್ಯಾಸ ನಮ್ಮವರಿಗೆ ಸ್ವಲ್ಪ ಜಾಸ್ತಿ, ನನ್ನನ್ನೂ ಸೇರಿಸಿ.

ಕುಡಿಯುವ ಮೊದಲು ಒಂದು ಎಚ್ಚರಿಕೆ. ಎಳೆಯ ಬಾಟಲಿ ತೆರೆದಾಗ ಬೆಂಕಿಕಡ್ಡಿ ಗೀರಿದ ಹಾಗೆ, ಕೆಲವೊಮ್ಮೆ ಕೊಳೆತ ಮೊಟ್ಟೆಯ ಹಾಗೆ ವಾಸನೆ ಬರಬಹುದು. ತೋಟದ, ನೆಲಮಾಳಿಗೆಯ ಸಹಜ ಯೀಸ್ಟಿನಲ್ಲೇ ಹುದುಗಿಸಿದ ವೈನಿನಲ್ಲಿ ಇದು ಮಾಮೂಲು. ನಾನು ಗೊತ್ತಿಲ್ಲದೆ ಒಂದು ಒಳ್ಳೆಯ ಬಾಟಲಿ ಸಿಂಕಿಗೆ ಸುರಿದಿದ್ದೇನೆ! ಸುಮ್ನೆ ಅರ್ಧ ಗಂಟೆ ಗ್ಲಾಸಿನಲ್ಲಿ ಬಿಡಿ, ಇಲ್ಲವೇ ಜಗ್ಗಿಗೆ ಬಗ್ಗಿಸಿ. ತಳದಲ್ಲಿ ಸಕ್ಕರೆ ಹರಳಿನಂಥದ್ದು ಕಂಡರೆ ಅದು ದ್ರಾಕ್ಷಿಯ ಆಮ್ಲದ ಹರಳು, ಗಾಜಲ್ಲ. ಹತ್ತು ಹದಿನೈದು ವರ್ಷ ಇಟ್ಟ ಬಾಟಲಿಯಲ್ಲಿ ಸೀಮೆಎಣ್ಣೆ ವಾಸನೆ ಬಂದರೂ ಹೆದರಬೇಡಿ, ವಯಸ್ಸಾದ ರೀಸ್ಲಿಂಗ್‌ನ ಗುಣ ಅದು. ಹಾಗೆ ಇಡಲು ಫ್ಲ್ಯಾಟಿನ ಕೆಳಗಿನ ಕೆಲ್ಲರ್, ಅಂದರೆ ನೆಲಮಾಳಿಗೆ ಸಾಕು. ಕತ್ತಲು, ತಂಪು, ಬಾಟಲಿ ಮಲಗಿರಬೇಕು. ಎರಡು ಕೊಂಡು ಒಂದನ್ನು ಮರೆತುಬಿಡಿ. ಊರಿಗೆ ಒಯ್ಯುವುದಾದರೆ ಭಾರತದ ಕಸ್ಟಮ್ಸ್‌ನಲ್ಲಿ ಒಬ್ಬರಿಗೆ ಸುಂಕವಿಲ್ಲದೆ 2 ಲೀಟರ್, ಅಂದರೆ ಮುಕ್ಕಾಲು ಲೀಟರಿನ ಎರಡು ಬಾಟಲಿ.

ಜೊತೆಗೆ ಏನು ತಿನ್ನಬೇಕು? ಜರ್ಮನ್ನರು ಹೊಳೆಮೀನು ಅನ್ನುತ್ತಾರೆ. ನಾನು ಕಡುಬು, ಕೋಳಿ ಸಾರು ಅನ್ನುತ್ತೇನೆ. ಆಲ್ಕೋಹಾಲ್ ಜಾಸ್ತಿ ಇದ್ದರೆ ಖಾರದ ಉರಿ ಏರುತ್ತದೆ. ಇದರಲ್ಲಿ ಕಡಿಮೆ, ಮೇಲಿಂದ ಸಿಹಿಯೂ ಇದೆ, ಹಾಗಾಗಿ ಉರಿ ಇಳಿಯುತ್ತದೆ. ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಬಿಟ್ಟು ಬಡಿಸಿ.

ಅಪ್ಪನ ಜೊತೆ ಗುಡ್ಡ ಹತ್ತಿದ ಆ ಸಂಜೆ ಅಮ್ಮ ಕೊಟ್ಟು ಕಳಿಸಿದ್ದ ಮಸಾಲೆಯಲ್ಲಿ ಸಾರು ಮಾಡಿ, ಗುಡ್ಡದಿಂದ ತಂದ ಕಬಿನೆಟ್ ತೆರೆದೆ. ಅಪ್ಪ ಒಂದು ಗುಟುಕು ಕುಡಿದು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಎರಡನೇ ಗ್ಲಾಸಿಗೆ ಎರಡು ತುಂಡು ಐಸ್ ಹಾಕಿಕೊಂಡರು. ನಾನು ಬಾಯಿ ಬಿಡಲಿಲ್ಲ.