ಕೀನ್ಯಾದಿಂದ ರಾಕೆಟ್ ಹಾರಿಸುವ ಕಥೆ ಬರೆಯುವಾಗ

ನಮ್ಮ ವೈಜ್ಞಾನಿಕ ಕಥೆಗಳಲ್ಲಿ ರಾಕೆಟ್ ಹಾರುವುದು ಅಮೆರಿಕದಿಂದ, ರಷ್ಯಾದಿಂದ, ಇಲ್ಲವೇ ಶ್ರೀಹರಿಕೋಟೆಯಿಂದ. ಆಫ್ರಿಕಾ ಬಂತೆಂದರೆ ಕಾಡು, ಬರ, ಬುಡಕಟ್ಟು. ಎಷ್ಟೋ ಸಲ ದೇಶದ ಹೆಸರೂ ಇರುವುದಿಲ್ಲ. ಇದು ನನಗೆ ಸಹಿಸಲಾಗದ ಸಂಗತಿ. ಬೆಂಗಳೂರಿನಲ್ಲಿ ಕೂತು ಕೀನ್ಯಾದ ಕಥೆ ಬರೆಯುವಾಗ ನಾನು ಅನುಸರಿಸುವ ಕ್ರಮ ಇದು.

ಮೊದಲು ಹವೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ ನೈರೋಬಿ ಹತ್ತಿರಹತ್ತಿರ ಅದರ ಎರಡರಷ್ಟು. ಜುಲೈ ಬೆಳಗ್ಗೆ ಅಲ್ಲಿ ಸ್ವೆಟರ್ ಬೇಕು. ಪಾತ್ರ ಬೆವರು ಒರೆಸಿಕೊಳ್ಳುತ್ತಲೇ ಬಂದರೆ ಕಥೆ ಅಲ್ಲಿಗೇ ಕೆಟ್ಟಿತು.

ಆಮೇಲೆ ಗಡಿಯಾರ. ಅಲ್ಲಿನವರ ಸ್ವಾಹಿಲಿ ಭಾಷೆಯಲ್ಲಿ ಬೆಳಗಿನ ಏಳು ಎಂದರೆ ಹಗಲಿನ ಒಂದನೇ ಗಂಟೆ. ಅದೇ ಮನುಷ್ಯ ಇಂಗ್ಲಿಷಿನಲ್ಲಿ ಏಳು ಎಂದೇ ಹೇಳುತ್ತಾನೆ. ಹಾಗಾಗಿ ಹೊತ್ತಿನ ಪ್ರಸ್ತಾಪವಿರುವ ಪ್ರತಿ ಸಂಭಾಷಣೆಯ ಪಕ್ಕದಲ್ಲಿ ಅದು ಯಾವ ಭಾಷೆಯಲ್ಲಿ ಆಡಿದ ಮಾತು ಎಂದು ಗುರುತು ಹಾಕಿಕೊಳ್ಳುತ್ತೇನೆ. ಇಲ್ಲದಿದ್ದರೆ ಉಡಾವಣೆಯ ಲೆಕ್ಕ ಆರು ಗಂಟೆ ತಪ್ಪುತ್ತದೆ.

ರಾಕೆಟ್ಟಿಗೆ ಕಲ್ಪನೆಯೇ ಬೇಕಿಲ್ಲ. ಕೀನ್ಯಾ ಕರಾವಳಿಯ ಮಾಲಿಂದಿಯ ಹತ್ತಿರ, ಸಮುದ್ರದಲ್ಲಿ ಕಾಲೂರಿ ನಿಂತ ಸ್ಯಾನ್ ಮಾರ್ಕೊ ವೇದಿಕೆಯಿಂದ 1970ರ ಡಿಸೆಂಬರ್ 12ರಂದು, ಕೀನ್ಯಾದ ಸ್ವಾತಂತ್ರ್ಯ ದಿನವೇ, ಉಹುರು ಹಾರಿತು. ಎಕ್ಸ್-ರೇ ಖಗೋಳಶಾಸ್ತ್ರಕ್ಕೆಂದೇ ಮಾಡಿದ ಮೊದಲ ಉಪಗ್ರಹ ಅದು. ವೇದಿಕೆ ಇಟಲಿಯದು, ಉಪಗ್ರಹ ಅಮೆರಿಕದ್ದು, ಹೆಸರು ಸ್ವಾಹಿಲಿ, ಅರ್ಥ 'ಸ್ವಾತಂತ್ರ್ಯ'. ಕಥೆಗೆ ಬೇಕಾದ ಜಗಳವೆಲ್ಲ ಇದರಲ್ಲೇ ಇದೆ.

ಇಲ್ಲಿ ಭೌತಶಾಸ್ತ್ರ ತಪ್ಪುವುದು ಹೆಚ್ಚು. 'ಸಮಭಾಜಕದ ಬಳಿ ಭೂಮಿಯೇ ಭಾರೀ ವೇಗ ಕೊಡುತ್ತದೆ' ಎಂದು ಬರೆದುಬಿಡುತ್ತಾರೆ. ಲೆಕ್ಕ ಹಾಕಿ ನೋಡಿ: ಸಮಭಾಜಕದಲ್ಲಿ ಭೂಮಿ ತಿರುಗುವ ವೇಗ ಸೆಕೆಂಡಿಗೆ 465 ಮೀಟರ್; ಅಕ್ಷಾಂಶದ ಕೊಸೈನನ್ನು ಅದರಿಂದ ಗುಣಿಸಿದರೆ ಮಾಲಿಂದಿಯ ಸುಮಾರು 3 ಡಿಗ್ರಿಗೆ ಸೆಕೆಂಡಿಗೆ 464 ಮೀಟರ್, ಶ್ರೀಹರಿಕೋಟೆಯ 13.7 ಡಿಗ್ರಿಗೆ 452. ವ್ಯತ್ಯಾಸ ಬರೀ 12 ಮೀಟರ್. ನಿಜವಾದ ಲಾಭ ಕಕ್ಷೆಯ ಓರೆಯಲ್ಲಿದೆ, ಎಂದರೆ ಕಕ್ಷೆ ಸಮಭಾಜಕಕ್ಕೆ ಎಷ್ಟು ವಾಲಿದೆ ಎಂಬುದರಲ್ಲಿ. ನೇರ ಪೂರ್ವಕ್ಕೆ ಹಾರಿಸಿದರೆ ಉಡಾವಣಾ ಸ್ಥಳದ ಅಕ್ಷಾಂಶದಷ್ಟೇ ಓರೆ ಕಕ್ಷೆಗೂ ಬರುತ್ತದೆ. ಸಮಭಾಜಕದ ನೇರ ಮೇಲಿರುವ ಭೂಸ್ಥಿರ ಕಕ್ಷೆಗೆ ಹೋಗಬೇಕಾದರೆ ಅದನ್ನು ಸೊನ್ನೆಗಿಳಿಸಲು ಇಂಧನ ಸುಡಬೇಕು. ಮಾಲಿಂದಿಯಲ್ಲಿ ಉಳಿಯುವುದು ಆ ಇಂಧನ.

ಕರಡು ಮುಗಿದ ಮೇಲೆ ಎರಡು ಪರೀಕ್ಷೆ. 'ಕೀನ್ಯಾ' ಇದ್ದಲ್ಲೆಲ್ಲ 'ಪೆರು' ಹಾಕಿ ಓದುತ್ತೇನೆ. ಆಗಲೂ ಸಲೀಸಾಗಿ ಓದಿಸಿಕೊಳ್ಳುವ ವಾಕ್ಯದಲ್ಲಿ ಕೀನ್ಯಾ ಇರಲೇ ಇಲ್ಲ, ಹೊಡೆದುಹಾಕುತ್ತೇನೆ. ಎರಡನೆಯದು, ಕಥೆಯ ತೀರ್ಮಾನಗಳನ್ನು ಒಂದು ಹಾಳೆಯಲ್ಲಿ ಬರೆದು ಪ್ರತಿಯೊಂದರ ಎದುರು ಅದನ್ನು ತೆಗೆದುಕೊಂಡವರ ಹೆಸರು. ಬೆಂಗಳೂರಿನ ಎಂಜಿನಿಯರ್ ಹೇಳುವುದು, ಕೀನ್ಯಾದವರು ತಲೆಯಾಡಿಸುವುದು, ಇಷ್ಟೇ ಇದ್ದರೆ ಮತ್ತೆ ಮೊದಲಿನಿಂದ ಬರೆಯಬೇಕು.

ಕಥೆಯಲ್ಲಿ ಕರೆಂಟ್ ಹೋಗಲೇಬೇಕಿದ್ದರೆ ಕಾರಣವನ್ನು ಬರದ ಮೇಲೆ ಹಾಕಬೇಡಿ. ನೈವಾಷಾ ಬಳಿಯ ಒಲ್ಕಾರಿಯಾದಲ್ಲಿ 1981ರಿಂದ ಭೂಶಾಖದಿಂದ ವಿದ್ಯುತ್ ತೆಗೆಯುತ್ತಿದ್ದಾರೆ. ಮಳೆ ಬಾರದಿದ್ದರೂ ಅದು ನಡೆಯುತ್ತದೆ. ಟ್ರಿಪ್ ಆದದ್ದು ಸಾಗಣೆ ಲೈನ್ ಎಂದು ಬರೆಯಿರಿ.