ಮಳೆ ಬಂದರೆ ಉಕ್ಕುತ್ತಿದ್ದ ಚೇಂಬರ್ ಸರಿಯಾಗಿದ್ದು ಹೀಗೆ

ನಮ್ಮದು 2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳಲ್ಲೊಂದು. ಕಾವೇರಿ 5ನೇ ಹಂತದ ನೀರು, ಒಳಚರಂಡಿ ಎರಡೂ ಬಂದವು. ಶೌಚಾಲಯದ ಪಿಟ್ ಖಾಲಿ ಮಾಡಿಸುವ ಗೋಳು ತಪ್ಪಿತು. ಆದರೆ ಜೋರು ಮಳೆ ಬಂದಾಗಲೆಲ್ಲ ಮನೆ ಮುಂದಿನ ಚೇಂಬರ್ (ಮನೆಯ ಕೊಳಚೆ ನೀರು ಬಂದು ಸೇರುವ, ಮುಚ್ಚಳವಿರುವ ಗುಂಡಿ) ಉಕ್ಕುತ್ತಿತ್ತು.

ಪ್ಲಂಬರ್ ಚೇಂಬರಿನ ಮುಚ್ಚಳ ತೆಗೆದಿಟ್ಟು, ತಾರಸಿಯಲ್ಲಿ ಒಂದು ಬಕೆಟ್ ನೀರು ಸುರಿಸಿದರು. ನೀರು ಸೀದಾ ಚೇಂಬರಿಗೇ ಬಂತು! ಮನೆ ಕಟ್ಟುವಾಗಲೇ ಮಳೆನೀರಿನ ಪೈಪನ್ನು ಅಲ್ಲಿಗೆ ಸೇರಿಸಿಬಿಟ್ಟಿದ್ದರು. ಅದನ್ನು ಬಿಡಿಸಿ ಇಂಗುಗುಂಡಿಗೆ ತಿರುಗಿಸಿದೆವು. ಒಳಚರಂಡಿ ಪೈಪ್ ಇರುವುದು ಕೊಳಚೆ ನೀರಿಗೆ ಮಾತ್ರ. ಮಳೆನೀರೂ ನುಗ್ಗಿದರೆ ತಗ್ಗಿನಲ್ಲಿರುವ ಮನೆಗಳಿಗೇ ಜಾಸ್ತಿ ತೊಂದರೆ ಅಲ್ವಾ?

ಮ್ಯಾನ್‌ಹೋಲ್ ತನಕದ 4 ಇಂಚಿನ ಪೈಪನ್ನೂ 40 ಅಡಿಗೆ 1 ಅಡಿ ಇಳಿಜಾರು ಸಿಗುವಂತೆ ಮತ್ತೆ ಹಾಕಿಸಿದೆವು. ಬೀದಿಯವರೆಲ್ಲ ತಾರಸಿ ಪೈಪ್ ಬಿಡಿಸಬೇಕು. ಪಕ್ಕದ ಮನೆಯವರು ಆಗಲೇ ಒಪ್ಪಿದ್ದಾರೆ.