ಮೇವಿನ ತಾಕಿಗೆ ತಂದು ಉಳಿದ ಬೀಜವನ್ನು ಮುಂದಿನ ಬಿತ್ತನೆವರೆಗೆ ಕಾಪಾಡುವ ಬಗೆ

ಜಿಂಕೆ, ಮೊಲ, ಹಕ್ಕಿಗಳಿಗೆಂದು ಮೇವಿನ ತಾಕು ಬಿತ್ತುವವರ ಮನೆಯಲ್ಲಿ ಹಂಗಾಮು ಮುಗಿದಾಗ ಅರ್ಧ ಚೀಲ ಕ್ಲೋವರ್ ಎಂಬ ದ್ವಿದಳ ಮೇವಿನ ಬೀಜವೋ ಕಾಲು ಚೀಲ ಓಟ್ಸೋ ಉಳಿದೇ ಉಳಿಯುತ್ತದೆ. ದಣಿದ ಕೈಗಳು ಅದರ ಬಾಯಿ ಸುತ್ತಿ ಶೆಡ್ಡಿನ ಮೂಲೆಗೆ ಒರಗಿಸಿಬಿಡುತ್ತವೆ. ಬೀಜ ಕೆಡಲು ಶುರುವಾಗುವುದು ಆ ಹೊತ್ತಿನಿಂದಲೇ. ಬಿತ್ತುವಾಗ ದಿನವಿಡೀ ಬಾಯಿ ತೆರೆದು ಹೊಲದಲ್ಲಿದ್ದ ಚೀಲ ಇಬ್ಬನಿಯನ್ನೂ ಮಣ್ಣಿನ ತೇವವನ್ನೂ ಹೀರಿಕೊಂಡಿರುತ್ತದೆ. ಅದನ್ನು ಹಾಗೇ ಕಟ್ಟಿಟ್ಟರೆ ತೇವವನ್ನು ಒಳಗೇ ಬಂಧಿಸಿಟ್ಟಂತೆ.

ಚೀಲದಲ್ಲಿರುವ ಬೀಜ ಜೀವಂತ ವಸ್ತು, ಮೆಲ್ಲಗೆ ಉಸಿರಾಡುತ್ತಲೇ ಇರುತ್ತದೆ. ತೇವವೂ ಸೆಕೆಯೂ ಏರಿದಷ್ಟು ಆ ಉಸಿರು ಜೋರಾಗುತ್ತದೆ, ಮೊಳಕೆಗೆಂದು ಕೂಡಿಟ್ಟ ಪಿಷ್ಟ, ಎಣ್ಣೆ ಸವೆಯುತ್ತದೆ. ಬೀಜ ಕಾಪಿಡುವವರು ನೆಚ್ಚುವ ಹ್ಯಾರಿಂಗ್ಟನ್ ಲೆಕ್ಕವೊಂದಿದೆ. ಬೀಜದ ತೇವಾಂಶ ಶೇ. 14ರಿಂದ 5ರ ನಡುವೆ ಇರುವಾಗ ಪ್ರತಿ ಶೇ. 1 ಇಳಿದರೆ ಬಾಳಿಕೆ ಸುಮಾರು ಇಮ್ಮಡಿಯಾಗುತ್ತದೆ. ಉಷ್ಣಾಂಶ 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಅಷ್ಟೇ ಲಾಭ. ಇನ್ನೊಂದು ಅಳತೆ: ಕೋಣೆಯ ಉಷ್ಣಾಂಶವನ್ನು ಫ್ಯಾರನ್‌ಹೀಟ್‌ನಲ್ಲಿ ಓದಿ, ಗಾಳಿಯ ತೇವದ ಶೇಕಡಾವಾರು ಅಂಕಿಯನ್ನು ಅದಕ್ಕೆ ಕೂಡಿಸಿ. ಮೊತ್ತ 100ರೊಳಗಿದ್ದರೆ ಬೀಜ ನೆಮ್ಮದಿಯಾಗಿರುತ್ತದೆ. 50 ಡಿಗ್ರಿ, ಅಂದರೆ 10 ಸೆಲ್ಸಿಯಸ್ ಇರುವ ಕೋಣೆಯಲ್ಲಿ ಶೇ. 50 ತೇವವಿದ್ದರೂ ಸರಿ. ಅದೇ 80 ಡಿಗ್ರಿಯ ತಗಡಿನ ಶೆಡ್ಡಿನಲ್ಲಿ ಶೇ. 60 ತೇವವಿದ್ದರೆ ಮೊತ್ತ 140 ಆಯಿತು, ಅಲ್ಲಿ ಬೀಜ ಬಹಳ ದಿನ ಬಾಳದು.

ಎಲ್ಲರೂ ಮೊದಲು ತಣ್ಣನೆಯ ಜಾಗ ಹುಡುಕುತ್ತಾರೆ. ನನ್ನ ಕೇಳಿದರೆ ಮೊದಲು ಒಣಗಿಸಿ, ತಂಪು ಆಮೇಲೆ. ಹಸಿ ಬೀಜವನ್ನು ಫ್ರಿಜ್ಜಿಗಿಟ್ಟರೂ ಮುಗ್ಗುತ್ತದೆ. ಚೆನ್ನಾಗಿ ಒಣಗಿದ್ದು ಸಾಧಾರಣ ಕೋಣೆಯಲ್ಲೂ ಒಂದು ಹಂಗಾಮು ದಾಟುತ್ತದೆ.

ಒಣಗಿಸಲು ನೆರಳಿನಲ್ಲಿ ಬಟ್ಟೆ ಹಾಸಿ 2–3 ಸೆಂ.ಮೀ. ದಪ್ಪಕ್ಕೆ ಹರಡಿ, ದಿನಕ್ಕೆ ಮೂರು ನಾಲ್ಕು ಸಲ ಕೈಯಾಡಿಸಿ. ಫ್ಯಾನಿನ ಗಾಳಿ ಒಳ್ಳೆಯದು, ಆದರೆ ಗಾಳಿಯೇ ತೇವವಾಗಿರುವ ದಿನ ಹರಡಿದರೆ ಬೀಜ ಒಣಗುವ ಬದಲು ಇನ್ನಷ್ಟು ಹೀರಿಕೊಳ್ಳುತ್ತದೆ. 35 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾವು ಬೇಡ, ಓವನ್ನಂತೂ ಬೇಡವೇ ಬೇಡ. ಧಾನ್ಯದ ಬೀಜಕ್ಕೆ ಶೇ. 12, ಎಣ್ಣೆ ಬೀಜಕ್ಕೆ ಶೇ. 8–9 ತೇವ ಇದ್ದರೆ ಗಾಳಿಯಾಡುವ ಚೀಲದಲ್ಲಿಡಬಹುದು. ಗಾಳಿಯಾಡದ ಡಬ್ಬಕ್ಕೆ ಹಾಕುವುದಾದರೆ ಇನ್ನೂ ಶೇ. 2–3 ಇಳಿಸಬೇಕು. ಡಬ್ಬ ಒಳಗಿನ ಒಣತನವನ್ನು ಎಷ್ಟು ಭದ್ರವಾಗಿ ಕಾಯುತ್ತದೋ ಒಳಗೆ ಉಳಿದ ತೇವವನ್ನೂ ಅಷ್ಟೇ ಭದ್ರವಾಗಿ ಹಿಡಿದಿಡುತ್ತದೆ.

ತೇವಮಾಪಕ ಇಲ್ಲದವರಿಗೆ ಉಪ್ಪಿನ ಪರೀಕ್ಷೆ ಇದೆ. ಒಣ ಗಾಜಿನ ಬಾಟಲಿಯ ಮೂರನೇ ಒಂದು ಭಾಗಕ್ಕೆ ಬೀಜ ತುಂಬಿ, ಬಿಸಿಮಾಡಿ ಆರಿಸಿದ ಪುಡಿ ಉಪ್ಪನ್ನು ಎರಡು ಮೂರು ಚಮಚ ಹಾಕಿ, ಮುಚ್ಚಳ ಬಿಗಿದು ಒಂದೆರಡು ನಿಮಿಷ ಅಲುಗಿಸಿ. ಕಾಲು ಗಂಟೆ ಬಿಟ್ಟು ನೋಡಿದಾಗ ಉಪ್ಪು ಗಾಜಿಗೆ ಅಂಟಿಕೊಂಡಿದ್ದರೆ ತೇವ ಶೇ. 15ಕ್ಕಿಂತ ಹೆಚ್ಚಿದೆ, ಮತ್ತೆ ಹರಡಬೇಕು. ಉಪ್ಪು ಉದುರಿದರೆ ತೇವ ಆ ಮಟ್ಟಕ್ಕಿಂತ ಕೆಳಗಿದೆ ಎಂದಷ್ಟೇ ಅರ್ಥ, ಡಬ್ಬಕ್ಕೆ ತಯಾರು ಎಂದಲ್ಲ. ಓಟ್ಸ್, ಜೋಳ, ಅಲಸಂದೆಯಂಥ ದಪ್ಪ ಕಾಳಿಗೆ ಇದು ಸರಿ. ಕ್ಲೋವರ್, ಟರ್ನಿಪ್ಪಿನ ಸಣ್ಣ ಬೀಜ ಉಪ್ಪಿನೊಡನೆ ಬೆರೆತು ಬೇರ್ಪಡಿಸಲು ಬಾರದು. ಅಂಥವುಗಳನ್ನು ಸ್ವಲ್ಪವೇ ಇದ್ದರೆ ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ, ಬೀಜದಷ್ಟೇ ತೂಕದ ಸಿಲಿಕಾ ಜೆಲ್ ಜೊತೆ ಡಬ್ಬದಲ್ಲಿ ಒಂದು ವಾರ ಮುಚ್ಚಿಡಿ. ಬಣ್ಣ ಬದಲಾಗುವ ಜೆಲ್ ಆದರೆ ತೇವ ಹೀರಿದ್ದು ಕಣ್ಣಿಗೆ ಕಾಣುತ್ತದೆ. ಆಮೇಲೆ ಜೆಲ್ ಮಾತ್ರ ಬೇರೆ ತೆಗೆದು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು.

ಇಲಿಗೆ ಪ್ಲಾಸ್ಟಿಕ್ ಡಬ್ಬ ಅಡ್ಡಿಯೇ ಅಲ್ಲ, ಒಂದೇ ರಾತ್ರಿಯಲ್ಲಿ ಕೊರೆಯುತ್ತದೆ. ಚುಂಡಿಲಿಗೆ 6 ಮಿ.ಮೀ. ಸಂದು ಸಾಕು. ಆದ್ದರಿಂದ ಮುಚ್ಚಳ ಬಿಗಿಯಾಗಿ ಕೂರುವ ತಗಡಿನ ಡ್ರಮ್ಮೇ ಒಳ್ಳೆಯದು. ಬೀಜವನ್ನು ಅದರ ಮೂಲ ಚೀಲದಲ್ಲೇ ಇಟ್ಟು, ಆ ಚೀಲವನ್ನು ಡ್ರಮ್ಮಿಗೆ ಇಳಿಸಿ. ತಳಿ, ಲಾಟ್ ಸಂಖ್ಯೆ, ಮೊಳಕೆ ಪ್ರಮಾಣ, ಪರೀಕ್ಷೆಯ ತಿಂಗಳು ಎಲ್ಲ ಆ ಚೀಲದ ಚೀಟಿಯಲ್ಲೇ ಇರುತ್ತವೆ. ಚೀಟಿ ಹರಿದಿದ್ದರೆ ಇಷ್ಟನ್ನೂ ಒಂದು ಕಾಗದದಲ್ಲಿ ಬರೆದು ಬೀಜದ ನಡುವೆ ಹೂತಿಡಿ. ಹೊರಗೆ ಅಂಟಿಸಿದ್ದು ಉದುರಿಹೋಗುತ್ತದೆ, ಟರ್ನಿಪ್ ಬೀಜವನ್ನೂ ಸಾಸಿವೆ ಜಾತಿಯ ರೇಪ್ ಬೀಜವನ್ನೂ ಆಮೇಲೆ ಬರಿಗಣ್ಣಿನಲ್ಲಿ ಗುರುತಿಸಲಾಗದು. ಕಾಂಕ್ರೀಟ್ ನೆಲ ತೇವ ಏರಿಸುತ್ತದೆ, ಹಾಗಾಗಿ ಡ್ರಮ್ಮಿನ ಕೆಳಗೆ ಮರದ ಹಲಗೆ ಕೊಟ್ಟು ನೆಲದಿಂದ 10–15 ಸೆಂ.ಮೀ. ಮೇಲೆ, ಗೋಡೆಯಿಂದ ಒಂದು ಮೊಳ ದೂರ ಇಡಿ. ಗೊಬ್ಬರ, ಕಳೆನಾಶಕ, ಪೆಟ್ರೋಲ್ ಇರುವ ಕೋಣೆ ಬೇಡ. ಯೂರಿಯಾ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಕೆಲವು ಕಳೆನಾಶಕಗಳ ಆವಿಯೇ ಮೊಳಕೆ ಕೆಡಿಸುತ್ತದೆ.

ಹುಳುವಿನ ಭಯ ಧಾನ್ಯಕ್ಕೂ ಅಲಸಂದೆಗೂ ಹೆಚ್ಚು. ಚೆನ್ನಾಗಿ ಒಣಗಿದ ಬೀಜವನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನ ಫ್ರೀಜರಿನಲ್ಲಿ ಒಂದು ವಾರ ಇಟ್ಟರೆ ಮೊಟ್ಟೆ, ಮರಿ, ಹುಳು ಎಲ್ಲ ಸಾಯುತ್ತವೆ. ಹೊರತೆಗೆದ ಕೂಡಲೇ ಬಿಚ್ಚಬೇಡಿ. ಕೋಣೆಯ ಕಾವಿಗೆ ಬರಲು ಒಂದು ದಿನ ಬಿಡಿ, ಇಲ್ಲವಾದರೆ ತಣ್ಣನೆಯ ಬೀಜದ ಮೇಲೆ ನೀರಹನಿ ಕಟ್ಟಿ ಒಣಗಿಸಿದ ಶ್ರಮವೆಲ್ಲ ವ್ಯರ್ಥ. ತೇವ ಉಳಿದ ಬೀಜಕ್ಕೆ ಫ್ರೀಜರ್ ತೋರಿಸಲೇಬಾರದು, ಒಳಗಿನ ನೀರು ಹೆಪ್ಪುಗಟ್ಟಿ ಮೊಳಕೆಯನ್ನೇ ಸೀಳುತ್ತದೆ.

ಬಾಳಿಕೆ ಎಲ್ಲಕ್ಕೂ ಒಂದೇ ಅಲ್ಲ. ಸೋಯಾ, ಸೂರ್ಯಕಾಂತಿಯಂಥ ಎಣ್ಣೆಯಂಶದ ಬೀಜಗಳು ಬೇಗ ಸೊರಗುತ್ತವೆ, ಮುಂದಿನ ಹಂಗಾಮಿಗೇ ಬಿತ್ತಿ ಮುಗಿಸಿ. ಗೋಧಿಯಂಥ ಧಾನ್ಯವಾದ ರೈಯನ್ನೂ ಹೆಚ್ಚು ಕಾಯಿಸಬೇಡಿ. ಓಟ್ಸ್, ಗೋಧಿ, ಜೋಳ ಒಣ ಜಾಗದಲ್ಲಿ ಎರಡು ಮೂರು ವರ್ಷ ಬರುತ್ತವೆ. ಕ್ಲೋವರ್, ಟರ್ನಿಪ್, ಚಿಕೋರಿ ಇನ್ನೂ ಗಟ್ಟಿ. ಬೆರಕೆ ಬೀಜದ ಚೀಲದ ತೊಂದರೆ ಇಲ್ಲೇ ಇದೆ. ಎರಡು ವರ್ಷ ಇಟ್ಟ ಬೆರಕೆಯಲ್ಲಿ ರೈ ಅರ್ಧ ಸತ್ತಿರುತ್ತದೆ, ಕ್ಲೋವರ್ ಹಾಗೇ ಇರುತ್ತದೆ, ಆಗ ತಾಕಿನಲ್ಲಿ ಏಳುವ ಪ್ರಮಾಣವೇ ಬೇರೆ. ಅಲ್ಲದೆ ಚೀಲ ಅಲುಗಾಡಿದಾಗ ಸಣ್ಣ ಬೀಜ ತಳಕ್ಕೆ ಇಳಿದಿರುತ್ತದೆ. ಬಿತ್ತುವ ಮುನ್ನ ಪೂರ್ತಿ ಸುರಿದು ಕಲಸಿಕೊಳ್ಳಿ.

ಬಿತ್ತನೆಗೆ ಮೂರು ನಾಲ್ಕು ವಾರ ಮೊದಲು ಮೊಳಕೆ ಪರೀಕ್ಷೆ ಮಾಡಿ, ಹೊಸ ಬೀಜ ಬೇಕಾದರೆ ತರಲು ಸಮಯವಿರುತ್ತದೆ. ಚೀಲದ ಮೇಲೆ, ನಡುವೆ, ತಳದಲ್ಲಿ ಕೈಹಾಕಿ ತೆಗೆದ ಬೀಜದಿಂದ ಆರಿಸದೆ 100 ಎಣಿಸಿ. ದಪ್ಪವಾದವನ್ನೇ ಹೆಕ್ಕಿದರೆ ಸುಳ್ಳು ಲೆಕ್ಕ ಸಿಗುತ್ತದೆ. ಒದ್ದೆ ಮಾಡಿ ಹಿಂಡಿದ ಪೇಪರ್ ಟವೆಲ್ ಮೇಲೆ ಹತ್ತರ ಹತ್ತು ಸಾಲು ಜೋಡಿಸಿ, ಸುರುಳಿ ಸುತ್ತಿ, ಸಡಿಲವಾಗಿ ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ 20–25 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ನೀರು ತೊಟ್ಟಿಕ್ಕುವಷ್ಟು ಒದ್ದೆಯಾದರೆ ಬೀಜ ಕೊಳೆಯುತ್ತದೆ. 7ರಿಂದ 10 ದಿನಕ್ಕೆ ಎಣಿಸಿ, ಚಿಕೋರಿಗೆ ಎರಡು ವಾರ ಕೊಡಿ. ಬೇರೂ ಚಿಗುರೂ ನೆಟ್ಟಗೆ ಬಂದವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಕ್ಲೋವರಿನಲ್ಲಿ ಉಬ್ಬದೆ ಕಲ್ಲಿನಂತೆ ಕುಳಿತ ಬೀಜ ಸತ್ತದ್ದಲ್ಲ, ಸಿಪ್ಪೆ ಗಟ್ಟಿಯಿದ್ದು ನೀರು ಒಳಗಿಳಿದಿಲ್ಲ ಅಷ್ಟೇ, ಅದು ತಡವಾಗಿ ಹುಟ್ಟುತ್ತದೆ.

ಚೀಟಿಯಲ್ಲಿ ಶೇ. 90 ಇದ್ದು ಈಗ 60 ಬಂದರೆ, 90ನ್ನು 60ರಿಂದ ಭಾಗಿಸಿ: ಒಂದೂವರೆ. 10 ಕೆ.ಜಿ. ಬಿತ್ತುತ್ತಿದ್ದ ಜಾಗಕ್ಕೆ 15 ಕೆ.ಜಿ. ಬೇಕು. ಶೇ. 50ಕ್ಕಿಂತ ಕೆಳಗಿಳಿದ ಬೀಜವನ್ನು ನಂಬಿ ತಾಕು ಬಿತ್ತಬೇಡಿ. ಅದರಲ್ಲಿ ಬದುಕಿರುವ ಮೊಳಕೆಯೂ ನಿಶ್ಶಕ್ತ, ಮಣ್ಣು ತಣ್ಣಗಿದ್ದರೆ ಮೇಲೇಳುವುದಿಲ್ಲ. ಅಂಥದ್ದನ್ನು ಹೊಸ ಬೀಜದ ಜೊತೆ ಹೆಚ್ಚುವರಿಯಾಗಿ ಎರಚಬಹುದು.

ಲೇಪನ ಮಾಡಿದ ಕ್ಲೋವರ್ ಆದರೆ ತೂಕದ ಮೂರನೇ ಒಂದು ಭಾಗದಷ್ಟು ಬರೀ ಲೇಪನವೇ ಇರಬಹುದು, ಬಿತ್ತುವ ಲೆಕ್ಕ ಹಾಕುವಾಗ ಅದನ್ನು ಕಳೆಯಿರಿ. ಲೇಪನದಲ್ಲಿರುವ ರೈಜೋಬಿಯಂ (ಬೇರಿನಲ್ಲಿ ಗಂಟು ಕಟ್ಟಿ ಗಿಡಕ್ಕೆ ಸಾರಜನಕ ಒದಗಿಸುವ ಬ್ಯಾಕ್ಟೀರಿಯಾ) ಬೀಜಕ್ಕಿಂತ ಮೊದಲೇ ಸಾಯುತ್ತದೆ. ಬೀಜ ನೂರಕ್ಕೆ ತೊಂಬತ್ತು ಮೊಳೆತರೂ ಬೇರಿನಲ್ಲಿ ಗಂಟು ಕಟ್ಟದೆ ಎಲೆ ಹಳದಿಯಾಗುವುದು ಇದರಿಂದಲೇ. ಉಳಿಸಿಟ್ಟ ದ್ವಿದಳ ಬೀಜಕ್ಕೆ ಬಿತ್ತುವ ದಿನವೇ ನೆರಳಿನಲ್ಲಿ ಹೊಸ ರೈಜೋಬಿಯಂ ಹಚ್ಚಿ. ಕ್ಲೋವರಿನದು ಅಲಸಂದೆಗೆ ಒಗ್ಗದು, ಪೊಟ್ಟಣದ ಮೇಲೆ ಬೆಳೆಯ ಹೆಸರು ನೋಡಿಕೊಳ್ಳಿ. ಉಳಿದ ಪೊಟ್ಟಣ ಫ್ರಿಜ್ಜಿನಲ್ಲಿರಲಿ, ಫ್ರೀಜರಿಗೆ ಬೇಡ. ದಿನಾಂಕ ದಾಟಿದ್ದನ್ನು ಬಳಸಬೇಡಿ.

ಬೂಷ್ಟು ಹಿಡಿದ, ಮುಗ್ಗಲು ವಾಸನೆಯ ಬೀಜವನ್ನು ಹಕ್ಕಿಗೋ ಜಿಂಕೆಗೋ ಆದೀತೆಂದು ಸುರಿಯಬೇಡಿ. ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಗುಲಾಬಿ, ಹಸಿರು, ನೀಲಿ ಬಣ್ಣ ಹಾಕಿದ ಬೀಜಕ್ಕೆ ಔಷಧ ಲೇಪಿಸಿರುತ್ತಾರೆ. ಅದು ತಿನ್ನುವ ಕಾಳಿನ ಡಬ್ಬದ ಹತ್ತಿರವೂ ಸುಳಿಯಬಾರದು, ಕೈಗವಸು ಇಲ್ಲದೆ ಮುಟ್ಟಬಾರದು. ಇಟ್ಟ ಜಾಗದಲ್ಲಿ ನಾಲ್ಕು ಕಾಳು ಚೆಲ್ಲಿದರೂ ಗುಡಿಸಿ ತೆಗೆಯಿರಿ, ಹೊಲದ ಬದುವಿನಲ್ಲಿ ಚೆಲ್ಲಿದ್ದನ್ನು ಮಣ್ಣಿನಲ್ಲಿ ಮುಚ್ಚಿ. ಯಾವ ಹಕ್ಕಿಗಾಗಿ ತಾಕು ಮಾಡಿದಿರೋ ಅದೇ ಹಕ್ಕಿ ಮೊದಲು ಬಂದು ಆ ಕಾಳನ್ನು ಹೆಕ್ಕುತ್ತದೆ.